ಲೆಕ್ಕದ ಹಾಳೆಯೂ ಗಣಕಯಂತ್ರದ ಪರದೆಯೂ

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಲ್ಲಿ ಲೆಕ್ಕ ಬರೆಯುವುದೂ ಒಂದು ಕಾಯಕವೆಂದೇ ನಡೆದುಬಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಸೀಮೆಯ ರೈತರು ಸುಗ್ಗಿಯಲ್ಲಿ ಒಪ್ಪಿಸುವ ಧಾನ್ಯದ ಚೀಲವಾಗಲಿ, ಪರಸ್ಥಳಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಕಳುಹಿಸುವ ಹಣವಾಗಲಿ, ಕೊಟ್ಟವರ ಹೆಸರು, ದಿನಾಂಕ ಮತ್ತು ಮೊತ್ತದೊಡನೆ ದಾಖಲಾದಾಗಲೇ ದಾಸೋಹದ ಮರ್ಯಾದೆ ಉಳಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕದ ಮಾತೂ ಹಾಗೆಯೇ. ಅಲ್ಲಿ ಬರೆದ ಜನ್ಮದಿನಾಂಕವೇ ವಿದ್ಯಾರ್ಥಿಯನ್ನು ಉದ್ಯೋಗದವರೆಗೆ, ನಿವೃತ್ತಿಯವರೆಗೆ ಹಿಂಬಾಲಿಸುತ್ತದೆ.

ಕೆಂಪು ರಟ್ಟಿನ ಕಿರ್ದಿ ಪುಸ್ತಕಗಳಲ್ಲಿದ್ದ ಈ ದಾಖಲೆಗಳು ಈಗ ಬಹುಮಟ್ಟಿಗೆ ಗಣಕಯಂತ್ರದ ಲೆಕ್ಕದ ಹಾಳೆಗಳಿಗೆ, ಅಂದರೆ ಸ್ಪ್ರೆಡ್‌ಶೀಟುಗಳಿಗೆ ವರ್ಗವಾಗಿವೆ. ಇತ್ತೀಚೆಗೆ ಮತ್ತೊಂದು ಹೆಜ್ಜೆಯೂ ಮುಂದುವರಿದಿದೆ. ಸಂಸ್ಥೆಗಳು ತಮ್ಮ ಕಚೇರಿಗಾಗಿಯೇ ಪ್ರತ್ಯೇಕ ತಂತ್ರಾಂಶವನ್ನು ಬರೆಯಿಸಿಕೊಳ್ಳುತ್ತವೆ. ಹಳೆಯ ಹಾಳೆಗಳು ಆ ತಂತ್ರಾಂಶದ ಒಳಗೇ ತೆರೆದು ಕಾಣಬೇಕೆಂದು ಅಪೇಕ್ಷಿಸುತ್ತವೆ. ಅಪೇಕ್ಷೆ ಯೋಗ್ಯವಾದುದು. ಆದರೆ ಪರದೆಯ ಮೇಲೆ ಕಂಡದ್ದು ಕಡತದಲ್ಲಿರುವುದಕ್ಕೆ ಸಮನಾಗಿದೆಯೇ ಎಂಬುದನ್ನು ಯಾರಾದರೂ ಪರೀಕ್ಷಿಸಿ ನೋಡಬೇಕಷ್ಟೆ. ಹಾಗೆ ನೋಡುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಾಳೆಯ ಹುಟ್ಟು ಮತ್ತು ಒಡಲು

1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ಆ್ಯಪಲ್-2 ಗಣಕಯಂತ್ರಕ್ಕಾಗಿ 'ವಿಸಿಕ್ಯಾಲ್ಕ್' ಎಂಬ ತಂತ್ರಾಂಶವನ್ನು ಹೊರತಂದರು. ಒಂದು ಅಂಕಿಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುವ ಸೌಕರ್ಯ ಅದರ ವಿಶೇಷ. 1983ರಲ್ಲಿ 'ಲೋಟಸ್ 1-2-3' ಬಂತು. 1985ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ 'ಎಕ್ಸೆಲ್' ಮೊದಲು ಮ್ಯಾಕಿಂಟಾಷ್ ಗಣಕಗಳಿಗೆ, 1987ರಲ್ಲಿ ವಿಂಡೋಸ್‌ಗೆ ಬಂದು ಕ್ರಮೇಣ ಎಲ್ಲೆಡೆ ವ್ಯಾಪಿಸಿತು.

ಅಡ್ಡಸಾಲು ಮತ್ತು ಕಂಬಸಾಲು ಕೂಡುವ ಚೌಕವೇ ಕೋಶ. ಕೋಶವೊಂದರಲ್ಲಿ 4,500 ಎಂಬ ಮೊತ್ತ ಕಂಡರೆ ಅದರ ಹಿಂದೆ ಮೂರು ಸಂಗತಿಗಳು ಅಡಗಿರಬಹುದು: ಮೊತ್ತವನ್ನು ತರುವ ಸೂತ್ರ, ಕೊನೆಯ ಬಾರಿ ಆ ಸೂತ್ರ ಕೊಟ್ಟ ಉತ್ತರ, ಆ ಉತ್ತರವನ್ನು ಹೇಗೆ ತೋರಿಸಬೇಕೆಂಬ ವಿನ್ಯಾಸ. 2007ರ ಆವೃತ್ತಿಯಿಂದ ರೂಢಿಗೆ ಬಂದ ಎಕ್ಸೆಲ್ ಕಡತವು ನಿಜಕ್ಕೂ ಒಂದು ಗಂಟು. ಬಿಚ್ಚಿದರೆ ಒಳಗೆ ಅನೇಕ ಚಿಕ್ಕ ಕಡತಗಳು ದೊರೆಯುತ್ತವೆ. ಹಾಳೆಗಳು ಒಂದೆಡೆ, ವಿನ್ಯಾಸ ಒಂದೆಡೆ, ಪದಗಳ ಪಟ್ಟಿ ಇನ್ನೊಂದೆಡೆ. 'ಲಿಂಗಸುಗೂರು' ಎಂಬ ಊರಿನ ಹೆಸರು ಐನೂರು ಸಾಲುಗಳಲ್ಲಿ ಬಂದರೂ ಪದಗಳ ಪಟ್ಟಿಯಲ್ಲಿ ಒಮ್ಮೆ ಮಾತ್ರ ಇರುತ್ತದೆ. ಕೋಶಗಳಲ್ಲಿ ಇರುವುದು ಆ ಪಟ್ಟಿಯ ಕ್ರಮಸಂಖ್ಯೆ. ಇವೆಲ್ಲವನ್ನೂ ಕೂಡಿಸಿ ಓದಿದಾಗಲೇ ನಾವು ಬಲ್ಲ ಹಾಳೆ ಮೂಡುತ್ತದೆ.

ತೋರಿಸುವ ಮೂರು ಮಾರ್ಗಗಳು

ಅನ್ಯ ತಂತ್ರಾಂಶವೊಂದು ತನ್ನ ಚೌಕಟ್ಟಿನೊಳಗೆ ಲೆಕ್ಕದ ಹಾಳೆಯನ್ನು ತೋರಿಸಲು ಸ್ಥೂಲವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು, ಎಕ್ಸೆಲನ್ನೇ ಅತಿಥಿಯಾಗಿ ಒಳಕ್ಕೆ ಕರೆದುಕೊಳ್ಳುವುದು. ಮೈಕ್ರೋಸಾಫ್ಟ್ ಸಂಸ್ಥೆ 1990ರ ದಶಕದ ಆರಂಭದಲ್ಲಿ ಇದಕ್ಕೆಂದೇ ಒಂದು ವಿಧಾನವನ್ನು ಬಳಕೆಗೆ ತಂದಿತು. ಹಾಳೆ ಇದ್ದ ಹಾಗೆಯೇ ಕಾಣುತ್ತದೆ, ಸೂತ್ರಗಳೂ ನಡೆಯುತ್ತವೆ. ಆದರೆ ಆ ಗಣಕದಲ್ಲಿ ಎಕ್ಸೆಲ್ ಇರಲೇಬೇಕು. ಎರಡನೆಯದು, ತಂತ್ರಾಂಶವೇ ಕಡತದ ಗಂಟನ್ನು ಬಿಚ್ಚಿ ಓದಿ ತನ್ನದೇ ಚೌಕಗಳಲ್ಲಿ ಬರೆದು ತೋರಿಸುವುದು. ಎಕ್ಸೆಲ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಸಾವಿರಾರು ಸಾಲುಗಳಿದ್ದರೂ ಪರದೆಯಲ್ಲಿ ಹಿಡಿಸುವ ಮೂವತ್ತು ನಲವತ್ತು ಸಾಲುಗಳನ್ನಷ್ಟೇ ಆಗಿಂದಾಗ ಬರೆಯುವುದರಿಂದ ವೇಗವೂ ಇರುತ್ತದೆ. ಆದರೆ ಬರೆದವನು ಏನನ್ನು ಓದಲು ಮರೆತನೋ ಅದು ಪರದೆಗೆ ಬರುವುದಿಲ್ಲ. ಮೂರನೆಯದು, ಹಾಳೆಯನ್ನು ಪಿಡಿಎಫ್ ಪುಟವಾಗಿ ಮಾರ್ಪಡಿಸಿ ತೋರಿಸುವುದು. ಇದು ಛಾಯಾಚಿತ್ರವಿದ್ದಂತೆ: ರೂಪ ಉಳಿಯುತ್ತದೆ, ಸೂತ್ರ ಉಳಿಯುವುದಿಲ್ಲ.

ಕಡಿಮೆ ಖರ್ಚಿನ ಕಾರಣದಿಂದ ಎರಡನೆಯ ಮಾರ್ಗವೇ ಹಲವರನ್ನು ಆಕರ್ಷಿಸುತ್ತದೆ. ಮುಂದೆ ಹೇಳುವ ತೊಡಕುಗಳು ಮುಖ್ಯವಾಗಿ ಅದಕ್ಕೆ ಸಂಬಂಧಿಸಿದವು.

ಅಂಕಿಗಳ ವಿಷಯ

ಲೆಕ್ಕದ ಹಾಳೆಯಲ್ಲಿ ದಿನಾಂಕವೆಂಬುದು ದಿನಾಂಕವಾಗಿ ಇರುವುದೇ ಇಲ್ಲ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸಿದ ದಿನಗಳ ಸಂಖ್ಯೆಯಾಗಿ ಇರುತ್ತದೆ. ನಮ್ಮ ಭಾಗದ ಹಿರಿಯರು ಮರೆಯದ ದಿನ 17-9-1948, ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡ ದಿನ. ಎಕ್ಸೆಲ್ ಕಡತದಲ್ಲಿ ಅದು 17793 ಎಂದಷ್ಟೇ ಇರುತ್ತದೆ. ಅದನ್ನು ದಿನಾಂಕವಾಗಿ ತೋರಿಸು ಎಂಬ ಆದೇಶ ವಿನ್ಯಾಸದ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಓದದ ತಂತ್ರಾಂಶ ವಿದ್ಯಾರ್ಥಿಯ ಜನ್ಮದಿನಾಂಕದ ಜಾಗದಲ್ಲಿ ಐದಂಕಿಯ ಒಂದು ಸಂಖ್ಯೆಯನ್ನು ತೋರಿಸುತ್ತದೆ.

ಇದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೂ ಅಪಾಯಕರ. ಮ್ಯಾಕಿಂಟಾಷ್ ಗಣಕಗಳಲ್ಲಿ ಸಿದ್ಧವಾದ ಹಳೆಯ ಎಕ್ಸೆಲ್ ಕಡತಗಳು 1904ರ ಜನವರಿ 1ರಿಂದ ಎಣಿಸುತ್ತಿದ್ದವು. ಅಂಥ ಕಡತದಲ್ಲಿ ಅದೇ ವಿಮೋಚನೆಯ ದಿನ 16331 ಎಂದಿರುತ್ತದೆ. ಈ ಭೇದವನ್ನು ಗಮನಿಸದ ತಂತ್ರಾಂಶ ಅದನ್ನು 16-9-1944 ಎಂದು ನಿಸ್ಸಂಕೋಚವಾಗಿ ತೋರಿಸುತ್ತದೆ. ನಾಲ್ಕು ವರ್ಷ ಒಂದು ದಿನದ ಈ ವ್ಯತ್ಯಾಸ ಜನ್ಮದಿನಾಂಕದಲ್ಲಿ ನುಸುಳಿದರೆ ಪರಿಣಾಮವೇನೆಂಬುದನ್ನು ಶಿಕ್ಷಕ ಬಂಧುಗಳಿಗೆ ಹೇಳಬೇಕಾಗಿಲ್ಲ.

ದೀರ್ಘ ಸಂಖ್ಯೆಗಳದು ಇನ್ನೊಂದು ಬಗೆ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಡುತ್ತದೆ. ಹದಿನಾರನೆಯದರಿಂದ ಮುಂದೆ ಸೊನ್ನೆಗಳಾಗುತ್ತವೆ. 12 ಅಂಕಿಗಳ ಆಧಾರ್ ಸಂಖ್ಯೆಗೆ ಬಾಧೆಯಿಲ್ಲ, ಆದರೆ ಹದಿನಾರು ಹದಿನೇಳು ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆ ಕೆಡುತ್ತದೆ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯ ಮೊದಲ ಸೊನ್ನೆಗಳು ಮಾಯವಾಗುತ್ತವೆ. ಇಂಥವನ್ನು ಸಂಖ್ಯೆಯಾಗಿ ಬರೆಯದೆ ಪಠ್ಯವಾಗಿ ಬರೆಯುವುದೇ ಪರಿಹಾರ. ತೋರಿಸುವ ತಂತ್ರಾಂಶವೂ ಅವನ್ನು ಪಠ್ಯವೆಂದೇ ಗೌರವಿಸಬೇಕು.

ಮೊತ್ತಗಳ ವಿಷಯದಲ್ಲಿ ಒಂದು ಎಚ್ಚರ. ಸೂತ್ರಗಳನ್ನು ನಡೆಸಲಾರದ ತಂತ್ರಾಂಶ ಕಡತದಲ್ಲಿ ಉಳಿದ ಕೊನೆಯ ಉತ್ತರವನ್ನೇ ತೋರಿಸುತ್ತದೆ. ಆ ತಂತ್ರಾಂಶದ ಮೂಲಕ ಹೊಸ ದೇಣಿಗೆಯೊಂದನ್ನು ಸೇರಿಸಿದರೂ ಕೆಳಗಿನ ಒಟ್ಟು ಮೊತ್ತ ಹಳೆಯದೇ ಆಗಿ ಉಳಿಯಬಹುದು.

ಕಡತದ ಅಳತೆಯನ್ನೂ ಮರೆಯಬಾರದು. ಹಳೆಯ ಬಗೆಯ ಎಕ್ಸೆಲ್ ಹಾಳೆಯಲ್ಲಿ 65,536 ಅಡ್ಡಸಾಲುಗಳಿಗೆ ಮಾತ್ರ ಸ್ಥಳ, ಹೊಸದರಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಬಗೆಯ ಹಾಳೆಗೆ ತುಂಬುವಾಗ ಸ್ಥಳ ಸಾಲದೆ 15,841 ಸೋಂಕಿತರ ವಿವರ ಸಕಾಲಕ್ಕೆ ವರದಿಯಾಗದೆ ಉಳಿಯಿತು. ಸಾಧನಸಂಪತ್ತಿಯುಳ್ಳ ದೇಶದಲ್ಲಿಯೇ ಹೀಗಾದ ಮೇಲೆ ನಾವು ಹೆಚ್ಚು ಜಾಗರೂಕರಾಗಿರುವುದು ಲೇಸು.

ಅಕ್ಷರಗಳ ವಿಷಯ

ಕನ್ನಡಿಗರಿಗೇ ವಿಶಿಷ್ಟವಾದ ತೊಡಕು ಇದು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶ ಈ ಶತಮಾನದ ಮೊದಲ ವರ್ಷಗಳಿಂದ ರಾಜ್ಯದ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕನ್ನಡವನ್ನು ನೆಲೆಗೊಳಿಸಿತು. ಅದರ ಉಪಕಾರ ಸ್ಮರಣೀಯ. ಆದರೆ ಆ ಕಾಲದ ಅಕ್ಷರಶೈಲಿಗಳ ರಚನೆ ಬೇರೆ ಬಗೆಯದು. ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ಹೀಗಾಗಿ 'ಕನ್ನಡ' ಎಂದು ಬರೆದದ್ದು ಕಡತದೊಳಗೆ ಏಳು ಚಿಹ್ನೆಗಳಾಗಿ ಕುಳಿತಿರುತ್ತದೆ; ಅವುಗಳಲ್ಲಿ ಇಂಗ್ಲಿಷಿನ 'ಪಿ' ಮತ್ತು 'ಕ್ಯೂ' ಇವೆ, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆಯಿದೆ, ಜರ್ಮನ್ ಭಾಷೆಯ ಅಕ್ಷರವೊಂದಿದೆ. ನುಡಿ ಅಕ್ಷರಶೈಲಿಯ ಮೂಲಕ ನೋಡಿದಾಗ ಮಾತ್ರ ಅವು 'ಕನ್ನಡ'ವಾಗುತ್ತವೆ. ಕೋಶದ ಪಠ್ಯವನ್ನು ಓದಿ ಅಕ್ಷರಶೈಲಿಯನ್ನು ಕೈಬಿಟ್ಟ ತಂತ್ರಾಂಶದಲ್ಲಿ ದಾನಿಗಳ ಹೆಸರುಗಳೆಲ್ಲ ಅರ್ಥಹೀನ ಚಿಹ್ನೆಗಳ ಸಾಲಾಗುತ್ತವೆ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದುದನ್ನೂ, ಅದರಲ್ಲಿ 'ಅಶೋಕ' ಎಂಬ ಹೆಸರೇ ದೊರೆತು ದೇವಾನಾಂಪ್ರಿಯನು ಯಾರೆಂಬ ಸಂದೇಹ ಪರಿಹಾರವಾದುದನ್ನೂ ವಾಚಕರು ಬಲ್ಲರು. ಕಲ್ಲಿನ ಮೇಲಿನ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಅಲ್ಲಿಯೇ ಇದ್ದವು. ಆದರೆ ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆ ನಡುವೆ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ್ದರಿಂದಲೇ 1915ರಲ್ಲಿ ಆ ಹೆಸರನ್ನು ಓದುವುದು ಸಾಧ್ಯವಾಯಿತು. ಬರಹ ಉಳಿದರೆ ಸಾಲದು, ಅದನ್ನು ಓದುವ ಕೀಲಿಕೈಯೂ ಉಳಿಯಬೇಕು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ನಮ್ಮ ಕಾಲದ ಆ ಕೀಲಿಕೈ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಪ್ರತ್ಯೇಕವಾಗಿ ಕಾದಿರಿಸಲಾಯಿತು. 'ಕ' ಅಕ್ಷರದ ಸಂಖ್ಯೆ 3221. ಜಗತ್ತಿನ ಯಾವ ಗಣಕದಲ್ಲಿಯೂ ಆ ಸಂಖ್ಯೆ ಬೇರೊಂದು ಅಕ್ಷರಕ್ಕೆ ಸಲ್ಲುವುದಿಲ್ಲ. ಅಕ್ಷರಶೈಲಿ ಬದಲಾದರೂ ಹೆಸರು ಹೆಸರಾಗಿಯೇ ಉಳಿಯುತ್ತದೆ. ಹುಡುಕಲೂ ಅಕಾರಾದಿಯಾಗಿ ಜೋಡಿಸಲೂ ಒದಗುತ್ತದೆ. ಹಳೆಯ ಹಾಳೆಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಲಭ್ಯವಿವೆ. ಆದರೆ ಒಂದೇ ಕೋಶದಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತಿದ್ದರೆ ಇಂಗ್ಲಿಷ್ ಭಾಗವನ್ನೂ ಕನ್ನಡವೆಂದು ಭ್ರಮಿಸಿ ಅವು ಕೆಡಿಸುತ್ತವೆ. ಆದುದರಿಂದ ಮೂಲದ ಪ್ರತಿಯೊಂದನ್ನು ಹಾಗೆಯೇ ಕಾದಿರಿಸಿ, ಮಾರ್ಪಡಿಸಿದ ಹಾಳೆಯನ್ನು ಕನ್ನಡ ಬಲ್ಲವರಿಂದ ಒಮ್ಮೆ ತಿದ್ದಿಸುವುದು ಅವಶ್ಯ.

ಮರೆಯಲ್ಲಿಟ್ಟ ಸಾಲುಗಳು

ದಾನಿಗಳ ದೂರವಾಣಿ, ಖಾತೆ ಸಂಖ್ಯೆ ಮೊದಲಾದವುಗಳಿರುವ ಕಂಬಸಾಲನ್ನು ಎಕ್ಸೆಲಿನಲ್ಲಿ ಮರೆಮಾಡುವ ರೂಢಿಯಿದೆ. ಮರೆಮಾಡಿದ್ದೆಂಬ ಗುರುತು ಕಡತದಲ್ಲಿರುತ್ತದೆ, ಮಾಹಿತಿಯೂ ಅಲ್ಲಿಯೇ ಇರುತ್ತದೆ. ಗುರುತನ್ನು ಗಮನಿಸದ ತಂತ್ರಾಂಶ ಎಲ್ಲವನ್ನೂ ಎಲ್ಲರ ಮುಂದೆ ತೆರೆದಿಡುತ್ತದೆ. ಮರೆಯೆಂಬುದು ಪರದೆಯೇ ಹೊರತು ಬೀಗವಲ್ಲ. ಗೋಪ್ಯವಾಗಿರಬೇಕಾದುದನ್ನು ಬೇರೊಂದು ಕಡತದಲ್ಲಿರಿಸುವುದೇ ಕ್ಷೇಮ. ವಿಶ್ವಾಸದಿಂದ ಕೊಟ್ಟವರ ವಿಶ್ವಾಸವನ್ನು ಕಾಯುವುದು ಸಂಸ್ಥೆಯ ಧರ್ಮ.

ಒಂದು ಸುಲಭ ಪರೀಕ್ಷೆ

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮೊದಲು ಕಚೇರಿಯವರು ಒಂದು ಪುಟ್ಟ ಹಾಳೆಯನ್ನು ಸಿದ್ಧಪಡಿಸಿಕೊಳ್ಳಲಿ. ಅದರಲ್ಲಿ ನುಡಿಯಲ್ಲಿ ಬರೆದ ಹೆಸರೊಂದು, ಯೂನಿಕೋಡಿನಲ್ಲಿ ಬರೆದ ಹೆಸರೊಂದು, 17-9-1948 ಎಂಬ ದಿನಾಂಕ, ಸೊನ್ನೆಯಿಂದ ಆರಂಭವಾಗಿ ಪಠ್ಯರೂಪದಲ್ಲಿರುವ ಹದಿನೇಳು ಅಂಕಿಗಳ ಸಂಖ್ಯೆ, ಲಕ್ಷ ಮೀರಿದ ಮೊತ್ತ, ಕೂಡಿಸುವ ಸೂತ್ರ ಮತ್ತು ಮರೆಮಾಡಿದ ಕಂಬಸಾಲು ಇರಲಿ. ಅದನ್ನು ಎಕ್ಸೆಲಿನಲ್ಲಿಯೂ ಹೊಸ ತಂತ್ರಾಂಶದಲ್ಲಿಯೂ ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಲಕ್ಷದ ಅಲ್ಪವಿರಾಮ 1,00,000 ಎಂದು ನಮ್ಮ ಕ್ರಮದಲ್ಲಿ ಬಿದ್ದಿದೆಯೇ, ಮೊತ್ತದಲ್ಲೊಂದನ್ನು ಬದಲಿಸಿದರೆ ಒಟ್ಟು ಬದಲಾಗುವುದೇ ಎಂದು ಪರಿಶೀಲಿಸಲಿ. ಅರ್ಧ ಗಂಟೆಯ ಈ ಕೆಲಸಕ್ಕೆ ಗಣಕ ವಿಜ್ಞಾನದ ಪದವಿ ಬೇಕಿಲ್ಲ; ಪ್ರೌಢಶಾಲೆಯ ಮಕ್ಕಳಿಂದಲೂ ಮಾಡಿಸಬಹುದು. ವ್ಯತ್ಯಾಸ ಕಂಡಲ್ಲಿ ಹಣ ಸಲ್ಲಿಸುವ ಮೊದಲೇ ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ.

ಸಂಸ್ಥೆಯ ಹಳೆಯ ಕಿರ್ದಿಗಳನ್ನು ಬರೆದ ಗುಮಾಸ್ತರು ಒಂದು ಅಂಕಿ ತಪ್ಪಿದರೆ ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಸಹಿ ಮಾಡುತ್ತಿದ್ದರು. ಯಂತ್ರ ಸಹಿ ಮಾಡುವುದಿಲ್ಲ. ಅದರ ಪರವಾಗಿ ಹೊಣೆ ಹೊರುವವರು ನಾವೇ. ಒಂದು ಚೀಲ ಭತ್ತ ಕೊಟ್ಟವನ ಹೆಸರು ಮುಂದಿನ ತಲೆಮಾರಿನವರಿಗೂ ಅದೇ ಹೆಸರಾಗಿ ಕಾಣಬೇಕು, ಓದಿಹೋದ ಮಗುವಿನ ಜನ್ಮದಿನಾಂಕ ಅದೇ ದಿನಾಂಕವಾಗಿ ಉಳಿಯಬೇಕು. ಇಷ್ಟನ್ನು ಸಾಧಿಸಿದರೆ ಹೊಸ ಯಂತ್ರಗಳು ನಮ್ಮ ಕಾಯಕಕ್ಕೆ ನಿಜವಾದ ನೆರವಾದುವೆಂದು ಭಾವಿಸಬಹುದು. ಆ ದಿಶೆಯಲ್ಲಿ ಶಿಕ್ಷಕರೂ, ಹಳೆಯ ವಿದ್ಯಾರ್ಥಿಗಳೂ, ಅವರಲ್ಲಿಯೂ ವಿಶೇಷವಾಗಿ ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವವರು, ತಮ್ಮ ಕೆಲವು ಗಂಟೆಗಳನ್ನು ಸಂಸ್ಥೆಗೆ ದಾಸೋಹವಾಗಿ ಸಲ್ಲಿಸಲೆಂದು ಹಾರೈಸುತ್ತೇನೆ.