ಸೊರೆ ಬಿಡಿಸುವ ಹಾರ್ಮೋನ್: ಆಕ್ಸಿಟೋಸಿನ್

ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಹಸು ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಹಸು ಸೊರೆ ಬಿಡುತ್ತದೆ. ಬೆದರಿದರೆ ಹಾಲನ್ನು ಏರಿಸಿಕೊಳ್ಳುತ್ತದೆ. ಇದಕ್ಕೆ ಕಾರಣವಾದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ನಮ್ಮ ದೇಹದಲ್ಲಿಯೂ ಇದೆ.

ಒಂಬತ್ತು ಅಮೈನೋ ಆಮ್ಲಗಳ ಈ ಕಿರುಸರಪಳಿ ಮೆದುಳಿನ ಹೈಪೋಥಲಾಮಸ್‌ನಲ್ಲಿ ಹುಟ್ಟಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಶಿಶುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಹೆಚ್ಚುತ್ತದೆ. ಅದು ಹೆಚ್ಚಿದಷ್ಟೂ ಗರ್ಭಕೋಶ ಬಲವಾಗಿ ಸಂಕುಚಿಸುತ್ತದೆ. ಮಗು ಹೊರಬಂದ ಮೇಲೆಯೇ ಈ ಸುತ್ತು ನಿಲ್ಲುವುದು. ಆನಂತರವೂ ಗರ್ಭಕೋಶ ಬಿಗಿಯಾಗಿ, ಮಾಸು ಬಿಟ್ಟ ಜಾಗದ ರಕ್ತನಾಳಗಳನ್ನು ಅದುಮಿ ರಕ್ತಸ್ರಾವವನ್ನು ತಡೆಯಬೇಕು. ಅದಕ್ಕೂ ಆಕ್ಸಿಟೋಸಿನ್ ನೆರವಾಗುತ್ತದೆ.

ಎದೆಹಾಲನ್ನು ತಯಾರಿಸುವುದು ಪ್ರೊಲ್ಯಾಕ್ಟಿನ್. ಹೊರಕ್ಕೆ ತಳ್ಳುವುದು ಆಕ್ಸಿಟೋಸಿನ್. ಮಗುವಿನ ಅಳು ಕೇಳಿದ ಮಾತ್ರಕ್ಕೆ ಹಾಲು ಜಿನುಗುವುದುಂಟು. ನೋವು, ಭಯ, ನಾಚಿಕೆಗಳು ಆ ಹರಿವನ್ನು ತಾತ್ಕಾಲಿಕವಾಗಿ ತಡೆಯುವುದೂ ಉಂಟು. 'ಇವಳಿಗೆ ಹಾಲೇ ಇಲ್ಲ' ಎಂದು ಮನೆಯವರು ಮೊದಲ ದಿನವೇ ತೀರ್ಪು ಕೊಟ್ಟು ಸಕ್ಕರೆ ನೀರು ಕುಡಿಸುವುದನ್ನು ನಾವು ಕಂಡಿದ್ದೇವೆ. ಹಾಲಿಲ್ಲವೆಂದಲ್ಲ, ಅದು ಇಳಿಯಲು ಬೇಕಾದ ನೆಮ್ಮದಿ ಇರಲಿಲ್ಲ ಎಂಬುದೂ ಕಾರಣವಾಗಿರಬಹುದು. ಕನ್ನಡವೊಂದನ್ನೇ ಬಲ್ಲ ಬಾಣಂತಿಗೆ ಹೆರಿಗೆ ಕೋಣೆಯ ಸೂಚನೆಗಳು ಅರ್ಥವಾಗದೆ ಹೋದರೆ ಆಕೆಯ ಭಯ ಇಮ್ಮಡಿಯಾಗುತ್ತದೆ. ಗಡಿನಾಡಿನಲ್ಲಿ ತಾಯ್ನುಡಿಯ ಬೇಡಿಕೆ ಶಾಲೆಗಷ್ಟೇ ಸೀಮಿತವಲ್ಲವೆಂದು ನಾವು ಹೇಳುತ್ತಿರುವುದು ಇದಕ್ಕೇ. ಮಗುವನ್ನು ತಾಯಿಯ ಬರಿಮೈಗೆ ಒರಗಿಸಿ, ಮೊದಲ ಗಂಟೆಯಲ್ಲಿಯೇ ಮೊಲೆಯೂಡಿಸುವುದರಿಂದ ಹಾಲಿಳಿಯಲು ಸಹಾಯವಾಗುತ್ತದೆ.

ಪತ್ರಿಕೆಗಳು ಇದನ್ನು 'ಪ್ರೇಮದ ಹಾರ್ಮೋನ್' ಎನ್ನುತ್ತವೆ. ತಂದೆ-ಮಕ್ಕಳ ಒಡನಾಟದಲ್ಲಿಯೂ ಇದರ ಪಾತ್ರವಿರುವುದು ನಿಜ. ಆದರೆ ಮೂಗಿಗೆ ಸಿಂಪಡಿಸಿದರೆ ಪರಸ್ಪರ ನಂಬಿಕೆ ಹೆಚ್ಚುತ್ತದೆಂದ 2005ರ ಪ್ರಸಿದ್ಧ ಪ್ರಯೋಗದ ಫಲಿತಾಂಶ ಮುಂದಿನ ಪರೀಕ್ಷೆಗಳಲ್ಲಿ ದೃಢಪಡಲಿಲ್ಲ.

ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಂದಿತು. ಹೆರಿಗೆಯಾದೊಡನೆ 10 ಯೂನಿಟ್ ಚುಚ್ಚುಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಹಸುಗಳಿಗೆ ಚುಚ್ಚಿ ಹಾಲಿಳಿಸುವ ದುರ್ಬಳಕೆಯನ್ನು ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಗೆ ಮಾತ್ರ ಅನುಮತಿ ಕೊಟ್ಟಿತ್ತು. ಬಾಣಂತಿಯರ ಜೀವರಕ್ಷಕ ಔಷಧ ಸಿಗದೆ ಹೋದೀತೆಂಬ ವಾದವನ್ನು ಪರಿಗಣಿಸಿದ ದೆಹಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬಿಸಿಗೆ ಬಿಟ್ಟರೆ ಸತ್ವ ಕುಂದುತ್ತದೆ. ವೈದ್ಯರ ನಿಗಾ ಇಲ್ಲದೆ ನೋವು ಬರಿಸಲೆಂದು ಮನೆಯಲ್ಲಿ ಚುಚ್ಚಿಸಿಕೊಂಡರೆ ಗರ್ಭಕೋಶವೇ ಹರಿಯುವ ಅಪಾಯವಿದೆ.