ಅಕ್ಕ ಅಮೆರಿಕದ ಪ್ರಜೆಯಾದ್ರೆ ತಂಗಿಗೆ ರಕ್ಷಣಾ ಸಂಸ್ಥೆಯಲ್ಲಿ ಕೆಲಸ ಸಿಗಲ್ವಾ?

(ಪಾಡ್‌ಕಾಸ್ಟ್‌ನ ಬರಹ ರೂಪ)

ಈ ವಾರದ ಪ್ರಶ್ನೆ ಮಾಗಡಿಯಿಂದ. ಒಬ್ಬ ತಂಗಿ ವಾಯ್ಸ್ ನೋಟ್ ಕಳಿಸಿದ್ದಾಳೆ. ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ರಕ್ಷಣಾ ಸಂಸ್ಥೆಗೆ ಆಯ್ಕೆಯಾಗಿದ್ದಾಳೆ. ಅಟೆಸ್ಟೇಷನ್ ಫಾರ್ಮ್ ಕೈಗೆ ಬಂದಿದೆ. ಅಕ್ಕ ಈಗ ಅಮೆರಿಕದ ಪ್ರಜೆ. ಅಪ್ಪ ಹೇಳ್ತಿದ್ದಾರಂತೆ: "ಅದೆಲ್ಲ ಯಾಕೆ ಬರೀತೀಯಮ್ಮ? ಇಂಡಿಯನ್ ಅಂತ ಹಾಕು, ಯಾರು ನೋಡ್ತಾರೆ?"

ಅಪ್ಪನ ಭಯ ನನಗೆ ಅರ್ಥವಾಗುತ್ತೆ. ರಾಮನಗರ, ಚನ್ನಪಟ್ಟಣ, ಕನಕಪುರ ಕಡೆ ಕೇಂದ್ರ ಸರ್ಕಾರದ ಕೆಲಸ ಅಂದ್ರೆ ಇಡೀ ಮನೆಯ ಕನಸು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದೀತು ಅನ್ನೋ ಆತಂಕ. ಆದ್ರೆ ಅವರ ಸಲಹೆ ಮಾತ್ರ ತಪ್ಪು.

ಮೊದಲು ಫಾರ್ಮ್ ಏನು ಕೇಳುತ್ತೆ ನೋಡೋಣ. ಕೇಂದ್ರದ ನೌಕರಿಗಳ ಅಟೆಸ್ಟೇಷನ್ ಫಾರ್ಮ್‌ನಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಅಣ್ಣತಮ್ಮ, ಅಕ್ಕತಂಗಿಯರ ರಾಷ್ಟ್ರೀಯತೆ, ಹುಟ್ಟಿದ ಊರು, ಉದ್ಯೋಗ, ವಿಳಾಸ ಬರೀಬೇಕು. ಮಕ್ಕಳು ವಿದೇಶದಲ್ಲಿ ಓದ್ತಿದ್ರೆ, ಇದ್ರೆ, ಅದಕ್ಕೂ ಬೇರೆ ಕಾಲಂ ಇದೆ. ಈ ಫಾರ್ಮ್ ಜಿಲ್ಲಾಡಳಿತ, ಪೊಲೀಸರ ಪರಿಶೀಲನೆಗೆ ಹೋಗುತ್ತೆ.

ಇಲ್ಲಿ ಹಲವರು ಎರಡು ವಿಷಯ ಬೆರೆಸ್ತಾರೆ. ಅಣ್ಣ ದುಬೈಯಲ್ಲಿ ದುಡೀತಿದ್ರೂ ಅವನು ಭಾರತದ ಪ್ರಜೆಯೇ. ಆದ್ರೆ ಅಕ್ಕ ಅಮೆರಿಕದ ಪೌರತ್ವ ತಗೊಂಡಾಗಲೇ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಭಾರತದ ಪೌರತ್ವ ಹೋಯ್ತು. ಒಸಿಐ ಕಾರ್ಡ್ ಇದ್ರೂ ಅದು ಪೌರತ್ವ ಅಲ್ಲ. ಹಾಗಾಗಿ "ಇಂಡಿಯನ್" ಅಂತ ಮಾತ್ರ ಬರೆದ್ರೆ ಅದು ಸುಳ್ಳು.

ಸರ್ಕಾರ ಇದನ್ನೆಲ್ಲ ಯಾಕೆ ಕೇಳುತ್ತೆ? ಗುಟ್ಟಿನ ಕೆಲಸದಲ್ಲಿರೋರ ಮೇಲೆ ಹೊರದೇಶದ ನಂಟಿನ ಮೂಲಕ ಯಾರಾದ್ರೂ ಒತ್ತಡ ಹೇರಬಹುದಾ ಅನ್ನೋದೇ ಚಿಂತೆ. ಅಮೆರಿಕ 2017ರಿಂದ ಜಾರಿಯಲ್ಲಿರೋ ತನ್ನ ಮಾರ್ಗಸೂಚಿಯಲ್ಲಿ ಇದನ್ನ ಬರೆದೇ ಇಟ್ಟಿದೆ: ದೇಶ ಯಾವುದು, ಸಂಬಂಧ ಎಷ್ಟು ಹತ್ತಿರ ಅಂತ ತೂಗಿ ನೋಡ್ತಾರೆ. ಅಲ್ಲೂ ವಿದೇಶಿ ನೆಂಟರಿದ್ದ ಮಾತ್ರಕ್ಕೆ ಬಾಗಿಲು ಮುಚ್ಚಲ್ಲ.

ನಮ್ಮ ಫಾರ್ಮ್‌ನ ತಲೆಯಲ್ಲೇ ಇರೋ ಎಚ್ಚರಿಕೆ ಓದಿ. ಸುಳ್ಳು ಮಾಹಿತಿ ಕೊಟ್ರೆ, ನಿಜ ಮುಚ್ಚಿಟ್ರೆ ಅದೇ ಅನರ್ಹತೆ. ಕೆಲಸಕ್ಕೆ ಸೇರಿ ಎಷ್ಟೇ ವರ್ಷವಾದ್ರೂ, ಗೊತ್ತಾದ ದಿನ ವಜಾ ಮಾಡಬಹುದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕೊಡೋ ಮಾಹಿತಿ ನಿಜ ಇರಬೇಕು ಅಂತ ಹೇಳ್ತು. ಅದು ಕ್ರಿಮಿನಲ್ ಕೇಸು ಮುಚ್ಚಿಟ್ಟ ವಿಚಾರ. ನಿಜ ಹೇಳಿದ್ರೂ ಹಿನ್ನೆಲೆ ತೂಗಿ ನೋಡೋ ಹಕ್ಕು ಉದ್ಯೋಗದಾತರಿಗಿದೆ ಅಂತಲೂ ಕೋರ್ಟ್ ಹೇಳಿದೆ. ಅಂದ್ರೆ ನಿಜ ಬರೆದ್ರೆ ಕೆಲಸ ಗ್ಯಾರಂಟಿ ಅಂತ ನಾನು ಹೇಳ್ತಿಲ್ಲ. ಸುಳ್ಳು ಬರೆದ್ರೆ ಅಪಾಯ ಮಾತ್ರ ಗ್ಯಾರಂಟಿ.

ಸೇರಿದ ಮೇಲೂ ಇದು ಮುಗಿಯಲ್ಲ. ಕೇಂದ್ರ ಸರ್ಕಾರಿ ನೌಕರರು ವಿದೇಶಿ ಪ್ರಜೆಯನ್ನ ಮದುವೆಯಾದ್ರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು ಅಂತ ನಡತೆ ನಿಯಮ ಹೇಳುತ್ತೆ.

ಹಾಗಾದ್ರೆ ತಂಗಿ, ಹೀಗೆ ಮಾಡು. ಅಕ್ಕನ ಪಾಸ್‌ಪೋರ್ಟ್ ಪ್ರತಿ ತರಿಸ್ಕೋ. ಹುಟ್ಟಿನಿಂದ ಭಾರತೀಯಳು, ಈಗ ಅಮೆರಿಕದ ಪ್ರಜೆ ಅಂತ ಬರಿ. ಅಲ್ಲಿನ ವಿಳಾಸ, ಕೆಲಸ ಸರಿಯಾಗಿ ಹಾಕು. ಕಾಲಂ ಅರ್ಥವಾಗದಿದ್ರೆ ನೇಮಕಾತಿ ವಿಭಾಗಕ್ಕೆ ಇಮೇಲ್ ಮಾಡು, ಉತ್ತರ ಜೋಪಾನವಾಗಿಡು. ತುಂಬಿದ ಫಾರ್ಮ್‌ನ ಫೋಟೊ ಫೋನಲ್ಲಿರಲಿ. ಪೊಲೀಸರು ಮನೆಗೆ ಬಂದಾಗ ಅಪ್ಪ ಹೇಳೋದೂ ನೀನು ಬರೆದದ್ದೂ ಒಂದೇ ಆಗಿರಬೇಕು.

ಅದಕ್ಕೇ ಈ ಸಂಚಿಕೆಯನ್ನ ಮೊದಲು ಅಪ್ಪನಿಗೆ ಕೇಳಿಸು. ಮುಂದಿನ ವಾರ ಸಿಗೋಣ.