ಜಾಲ ಅನ್ವಯಗಳಿಗೊಂದು ಸಿದ್ಧ ತಳಪಾಯ

ಯಂತ್ರಾಗಾರದಲ್ಲಿ ಒಂದೇ ಬಗೆಯ ಬಿಡಿಭಾಗಕ್ಕೆ ಪ್ರತಿ ಸಲವೂ ಹೊಸದಾಗಿ ಗುರುತು ಹಾಕಿ ರಂಧ್ರ ಕೊರೆಯುವ ಪದ್ಧತಿ ಇಲ್ಲ. ಒಮ್ಮೆ ಜಿಗ್ ಸಿದ್ಧವಾದರೆ ಉಳಿದ ಕೆಲಸ ಅದರ ಆಧಾರದ ಮೇಲೆಯೇ ಸಾಗುತ್ತದೆ. ಜಾಲ ಅನ್ವಯಗಳನ್ನು ರೂಪಿಸುವ ಕ್ಷೇತ್ರದಲ್ಲಿ ಇಂಥ ಜಿಗ್‌ಗೆ ‘ಸ್ಟಾರ್ಟರ್ ಟೆಂಪ್ಲೇಟ್’ ಎಂದು ಹೆಸರು. ದರಪಟ್ಟಿ, ಬೇಡಿಕೆ ನಮೂನೆ, ಸರಕು ರವಾನೆಯ ವಿವರ ಮುಂತಾಗಿ ಗ್ರಾಹಕನ ಬ್ರೌಸರ್‌ನಲ್ಲಿ ಕಾಣುವ ಭಾಗವೇ ‘ಫ್ರಂಟ್ ಎಂಡ್’. ಉದ್ದಿಮೆ ಯಾವುದೇ ಇರಲಿ, ಈ ಭಾಗದ ಕಡತಗಳ ವಿನ್ಯಾಸ, ಪರೀಕ್ಷಾ ವ್ಯವಸ್ಥೆ, ಅಂತಿಮ ಪ್ರತಿ ತಯಾರಿಸುವ ಸಲಕರಣೆ ಬಹುಮಟ್ಟಿಗೆ ಒಂದೇ. ಅವುಗಳಿಗಾಗಿ ಪ್ರತಿ ಬಾರಿಯೂ ಶುಲ್ಕ ತೆರುವುದು ಅನಗತ್ಯ.

ಈ ದಿಕ್ಕಿನಲ್ಲಿ 2010ರ ‘ಎಚ್‌ಟಿಎಂಎಲ್5 ಬಾಯ್ಲರ್‌ಪ್ಲೇಟ್’ ಹಾಗೂ 2011ರಲ್ಲಿ ಟ್ವಿಟರ್ ಸಂಸ್ಥೆಯಿಂದ ಹೊರಬಂದ ‘ಬೂಟ್‌ಸ್ಟ್ರಾಪ್’ ಆರಂಭದ ಹೆಜ್ಜೆಗಳು. 2016ರಲ್ಲಿ ಫೇಸ್‌ಬುಕ್ ನೀಡಿದ ‘ಕ್ರಿಯೇಟ್ ರಿಯಾಕ್ಟ್ ಆಪ್’ ಹಲವು ವರ್ಷ ಜನಪ್ರಿಯವಾಗಿತ್ತಾದರೂ, ಹೊಸ ಅನ್ವಯಗಳಿಗೆ ಅದನ್ನು ಬಳಸಬಾರದೆಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಇವಾನ್ ಯೂ 2020ರಲ್ಲಿ ಆರಂಭಿಸಿದ ‘ವೀಟ್’ ಇಂದು ವ್ಯಾಪಕ ಬಳಕೆಯಲ್ಲಿದೆ. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ‘ಬೇಗ’ ಎಂದರ್ಥ.

ಗಣಕದಲ್ಲಿ ನೋಡ್ ಜೆಎಸ್ ಇದ್ದರೆ ಒಂದೇ ಆದೇಶಕ್ಕೆ ವೀಟ್ ಕೆಲಸ ಆರಂಭಿಸುತ್ತದೆ. ಯೋಜನೆಯ ಹೆಸರೇನು, ರಿಯಾಕ್ಟ್ ಬೇಕೋ ವ್ಯೂ ಬೇಕೋ, ಜಾವಾಸ್ಕ್ರಿಪ್ಟೋ ಟೈಪ್‌ಸ್ಕ್ರಿಪ್ಟೋ ಎಂಬಂಥ ಕೆಲವು ಪ್ರಶ್ನೆಗಳಿಗೆ ಉತ್ತರಿಸಿದರೆ ತಳಪಾಯ ಸಿದ್ಧ. ಕೆಲಸ ಮುಗಿದ ಮೇಲೆ ‘ಬಿಲ್ಡ್’ ಆದೇಶ ನೀಡಿದಾಗ ‘ಡಿಸ್ಟ್’ ಎಂಬ ಕಡತಕೋಶ ಉಂಟಾಗುತ್ತದೆ. ಅದನ್ನು ಯಾವುದೇ ಸಾಮಾನ್ಯ ಸರ್ವರ್‌ನಲ್ಲಿ ಇರಿಸಬಹುದು.

ವ್ಯಾಪಾರಿ ಎಚ್ಚರ ವಹಿಸಬೇಕಾದುದು ಇಲ್ಲಿಯೇ. ‘ಡಿಸ್ಟ್’‌ನಲ್ಲಿರುವುದು ಸಂಕುಚಿತಗೊಳಿಸಿದ ಪ್ರತಿ, ಮೂಲವಲ್ಲ. ಅದನ್ನಷ್ಟೇ ಪಡೆದು ಪೂರ್ಣ ಹಣ ಪಾವತಿಸಿದವನ ಸ್ಥಿತಿ, ಅಚ್ಚನ್ನು ಬಿಟ್ಟು ಎರಕವನ್ನು ಮಾತ್ರ ಕೊಂಡವನ ಸ್ಥಿತಿಯಂತೆ. ಮುಂದೆ ತಂತ್ರಜ್ಞನನ್ನು ಬದಲಿಸಬೇಕಾದರೆ ಬಹುಪಾಲು ಕೆಲಸ ಮೊದಲಿನಿಂದ ಆಗಬೇಕಾದೀತು. ಆದುದರಿಂದ ಸಂಪೂರ್ಣ ಮೂಲ ಸಂಕೇತವು ಸಂಸ್ಥೆಯ ಹೆಸರಿನಲ್ಲೇ ತೆರೆದ ಗಿಟ್ ಭಂಡಾರದಲ್ಲಿ ಇರತಕ್ಕದ್ದೆಂದು ಒಪ್ಪಂದದಲ್ಲಿ ಬರೆಸುವುದು ಲೇಸು.

ಆ ಭಂಡಾರದಲ್ಲಿ ‘ಲಾಕ್’ ಕಡತವೂ ಇರಬೇಕು. ಸಣ್ಣದೊಂದು ಅನ್ವಯವೂ ನೂರಾರು ಅಪರಿಚಿತರ ಸಿದ್ಧ ಪೊಟ್ಟಣಗಳನ್ನು ಅವಲಂಬಿಸಿರುತ್ತದೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್ ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪೊಟ್ಟಣವನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಅಸಂಖ್ಯ ಯೋಜನೆಗಳ ಬಿಲ್ಡ್ ನಿಂತುಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ‘ಚಾಕ್’, ‘ಡೀಬಗ್’ ಮುಂತಾದ ಜನಪ್ರಿಯ ಪೊಟ್ಟಣಗಳೊಳಗೆ ವಂಚಕರು ದುಷ್ಟ ಸಂಕೇತವನ್ನು ಸೇರಿಸಿದರು. ಪರೀಕ್ಷಿಸಿ ಒಪ್ಪಿದ ಆವೃತ್ತಿಗಳನ್ನೇ ಲಾಕ್ ಕಡತ ಹಿಡಿದಿಡುವುದರಿಂದ, ನಿನ್ನೆ ರಾತ್ರಿ ಬಂದ ಹೊಸ ಆವೃತ್ತಿ ತಾನಾಗಿ ಒಳನುಸುಳದು. ಎಲ್ಲ ಅಪಾಯಕ್ಕೂ ಅದೇ ಮದ್ದೆಂದಲ್ಲ.

ಗುಪ್ತ ಕೀಲಿಗಳ ವಿಷಯದಲ್ಲಿ ತಪ್ಪಿದರೆ ನಷ್ಟ ನೇರ. ಫ್ರಂಟ್ ಎಂಡ್‌ನಲ್ಲಿರುವುದೆಲ್ಲ ಗ್ರಾಹಕನ ಗಣಕಕ್ಕೆ ಹೋಗುತ್ತದೆ. ವೀಟ್‌ನಲ್ಲಿ ‘ವೀಟ್’ ಎಂಬ ಪೂರ್ವಪದ ಹೊತ್ತ ಸಂರಚನಾ ಮೌಲ್ಯಗಳನ್ನು ಬ್ರೌಸರ್ ಭಾಗದಲ್ಲಿ ಬಳಸಿದರೆ ಅವು ಅಂತಿಮ ಪ್ರತಿಯಲ್ಲಿ ಬಹಿರಂಗವಾಗಿರುತ್ತವೆ. ಪಾವತಿ ಸೇವೆಯ ರಹಸ್ಯ ಕೀಲಿಯ ಸ್ಥಾನ ಸರ್ವರ್ ಮಾತ್ರ.

ಸ್ಥಳೀಯ ಅಗತ್ಯಗಳನ್ನು ಟೆಂಪ್ಲೇಟಿನಲ್ಲಿಯೇ ಒಮ್ಮೆ ಅಳವಡಿಸಿದರೆ ಮುಂದಿನ ಅನ್ವಯಗಳಿಗೆ ಶ್ರಮ ಉಳಿಯುತ್ತದೆ. ರೂಪಾಯಿ ಚಿಹ್ನೆ, 12,50,000 ಎಂಬಂತೆ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ, ದಿನ-ತಿಂಗಳು-ವರ್ಷದ ಕ್ರಮ, ಯೂನಿಕೋಡ್ ಕನ್ನಡ ಅಕ್ಷರಶೈಲಿ ಇವುಗಳಲ್ಲಿ ಮುಖ್ಯವಾದವು. ವೀಟ್‌ನ ಮೂಲ ಪುಟದಲ್ಲಿ ಭಾಷೆ ಇಂಗ್ಲಿಷ್ ಎಂದು ನಮೂದಾಗಿರುತ್ತದೆ. ಪುಟ ಕನ್ನಡದ್ದಾದರೆ ಅದನ್ನು ಬದಲಿಸದೆ ಇರುವುದು ದೃಷ್ಟಿದೋಷವುಳ್ಳವರ ಓದು-ತಂತ್ರಾಂಶಕ್ಕೆ ತೊಡಕು.

ವಿಳಾಸ, ದೂರವಾಣಿ ಹಾಗೂ ನಾಲ್ಕು ಛಾಯಾಚಿತ್ರಗಳಷ್ಟೇ ಬೇಕಾದ ಅಂಗಡಿಗೆ ಇದಾವುದೂ ಬೇಡ; ಸರಳ ಎಚ್‌ಟಿಎಂಎಲ್ ಪುಟವೊಂದು ಸಾಕು. ಬೇಡಿಕೆ ಸ್ವೀಕರಿಸುವ ಅನ್ವಯವನ್ನೇ ಮಾಡಿಸಿದವರು ಕೊನೆಯ ಕಂತು ನೀಡುವ ಮುನ್ನ, ಭಂಡಾರದಲ್ಲಿರುವ ಮೂಲವನ್ನು ಬೇರೊಂದು ಗಣಕಕ್ಕೆ ಇಳಿಸಿ, ಲಿಖಿತ ಸೂಚನೆಗಳಂತೆ ಬಿಲ್ಡ್ ಮಾಡಿ ತೋರಿಸುವಂತೆ ಕೇಳಬೇಕು.